ಸುಂದರವ್ವ ಎಲ್ಲರಿಗಿಂತ ಹಿಂದೆ ಇಳಿಯುತ್ತಾಳೆ

ಹೊತ್ತು ಇನ್ನೂ ಮೂಡಿಲ್ಲ. ನಾಲತವಾಡದಿಂದ ಬಂಡಿಯ ಜಾಡು ಹಿಡಿದು ಬಂದರೆ ಸಿಗುವ ಮೂಕಗುಡ್ಡದ ಬುಡದಲ್ಲಿ ಆಗಲೇ ಗದ್ದಲವೋ ಗದ್ದಲ. ಕುರಿಗಳು ಒಂದೇ ಸಮನೆ ಒದರುತ್ತಿವೆ, ಹೆಂಗಸರು ರೊಟ್ಟಿ ಬುತ್ತಿ ಕಟ್ಟುತ್ತಿದ್ದಾರೆ, ಕತ್ತರಿ ಮಸೆಯುವವರು ಮಸೆಯುತ್ತಿದ್ದಾರೆ. ಇವರ ನಡುವೆ ಸುಂದರವ್ವ ಕಚ್ಚೆ ಬಿಗಿದು, ಆಡಿನ ಕೂದಲಿನ ಹಗ್ಗವನ್ನು ಹೆಗಲಿಗೆ ಸುತ್ತಿಕೊಂಡು, ಬಂದವರ ಕಾಲುಗಳನ್ನೇ ನೋಡುತ್ತ ತಿರುಗುತ್ತಿದ್ದಾಳೆ. ಹೊಸ ಚಪ್ಪಲಿ ಕಂಡರೆ ಬಿಚ್ಚಿಸುತ್ತಾಳೆ. ಒಡೆದ ಹಿಮ್ಮಡಿ ಕಂಡರೆ ಎಣ್ಣೆ ಹಚ್ಚಿಕೊಂಡು ಬಾ ಎಂದು ಹಿಂದಕ್ಕೆ ಕಳಿಸುತ್ತಾಳೆ. ಗುಡ್ಡ ಹತ್ತುವ ಉಮೇದು ಆಕೆಗೇ ಎಲ್ಲರಿಗಿಂತ ಹೆಚ್ಚು; ನಿಂತಲ್ಲಿ ನಿಲ್ಲಲಾರಳು.

ಇಂದು ಈ ಹಟ್ಟಿಯಲ್ಲಿ ಉಣ್ಣೆ ಕತ್ತರಿಸುವ ದಿನ. ಗುಡ್ಡದ ತಲೆಯ ಮೇಲಿನ ಹೊಂಡದಿಂದ ಒಂದು ತಂಬಿಗೆ ನೀರು ತಂದು ಹಿಂಡಿನ ಮೇಲೆ ಚಿಮುಕಿಸುವ ತನಕ ಇಲ್ಲಿ ಯಾರೂ ಕತ್ತರಿ ಕೈಗೆತ್ತಿಕೊಳ್ಳುವುದಿಲ್ಲ. ಆ ನೀರು ತರುವ ಹಕ್ಕು ಸುಂದರವ್ವನ ಗಂಡ ಚಂದಪ್ಪನ ಮನೆಯದು. ಸಿಂದಗಿ ಕಡೆಯ ಬಯಲುಸೀಮೆಯಿಂದ ಸೊಸೆಯಾಗಿ ಬಂದಾಗ ಈಕೆ ದಿಬ್ಬ ಬಿಟ್ಟರೆ ಬೇರೆ ಎತ್ತರ ಕಂಡವಳಲ್ಲ. ಕುರಿಗಳ ಹಿಂದೆ ಗಂಡನ ಜೊತೆ ತಿರುಗಿ ತಿರುಗಿ ಗುಡ್ಡ ಕಲಿತಳು. ಚಂದಪ್ಪನಿಗೆ ದಮ್ಮು ಹತ್ತಿ, ನಾಲ್ಕು ಹೆಜ್ಜೆಗೆ ಕೂರುವಂತಾದ ಮೇಲೆ ತಂಬಿಗೆ ಈಕೆಯ ಕೈಗೆ ಬಂತು.

ತಂಬಿಗೆ ಯಾರ ಮನೆಯಲ್ಲಿದೆಯೋ ಗುಡ್ಡ ತೋರಿಸುವ ಕೆಲಸವೂ ಅವರದೇ. ಮುದ್ದೇಬಿಹಾಳದ ಶಾಲೆಯ ಹುಡುಗಿಯರು ಬರಲಿ, ಬಸವನ ಬಾಗೇವಾಡಿಯ ವಕೀಲರು ಬರಲಿ, ಆಲಮಟ್ಟಿ ಆಣೆಕಟ್ಟಿನ ಆಫೀಸಿನವರು ರವಿವಾರ ಜೀಪು ಹತ್ತಿ ಬರಲಿ, ಮೊದಲು ಕೇಳುವುದು ಸುಂದರವ್ವನ ಗುಡಿಸಲನ್ನೇ. ಆಕೆ ಕುರಿಗಳನ್ನು ನೆರೆಯವರಿಗೆ ಒಪ್ಪಿಸಿ ಹೊರಟೇಬಿಡುತ್ತಾಳೆ. ದಾರಿಯಲ್ಲಿ ತೂಗುಗಲ್ಲು ಇದೆ: ಮನೆಯಷ್ಟು ದೊಡ್ಡ ಗುಂಡು, ಇಬ್ಬರು ಬೆನ್ನು ಕೊಟ್ಟು ಒತ್ತಿದರೆ ಗುಡುಗುಡು ಎಂದು ಅಲುಗುತ್ತದೆ, ಬೀಳುವುದಿಲ್ಲ. ಅದರಾಚೆ ಬಾವಲಿ ಗವಿ. ಅಲ್ಲಿ ತಲೆ ತಗ್ಗಿಸಿ ಒಳಗೆ ನುಸುಳಿದವರು ಇನ್ನೊಂದು ಬದಿಯಲ್ಲಿ ಬೆಳಕಿಗೆ ಬೀಳುತ್ತಾರೆ, ಎದುರಿಗೆ ಕೃಷ್ಣೆ ಉದ್ದಕ್ಕೂ ಹೊಳೆಯುತ್ತಿರುತ್ತಾಳೆ. ಆ ಗಳಿಗೆಗೆ ಬಂದವರು ಬಾಯಿ ಬಿಟ್ಟು ನಿಲ್ಲುವುದನ್ನು ನೋಡುವುದೆಂದರೆ ಸುಂದರವ್ವನಿಗೆ ಎಲ್ಲಿಲ್ಲದ ಖುಷಿ. ಮುದ್ದೇಬಿಹಾಳದ ಮಾಸ್ತರಬಾಯಿ ಇಂದ್ರಾಬಾಯಿ ಅಲ್ಲಿಗೆ ಎಷ್ಟೋ ಸಲ ಬಂದಿದ್ದಾರೆ. ಪ್ರತಿ ಸಲವೂ ತಮಗಿಂತ ಮೊದಲು ಸುಂದರವ್ವನೇ ‘ನೋಡ್ರಿ, ನೋಡ್ರಿ’ ಎಂದು ಕುಣಿಯುತ್ತಾಳೆ ಎಂದು ನಗುತ್ತಾರೆ.

ಗುಡ್ಡಕ್ಕೆ ಮೂಕಗುಡ್ಡವೆಂಬ ಹೆಸರು ಬಂದದ್ದು ಒಂದು ಕಥೆಯಿಂದ. ನೀರಿಲ್ಲದ ಕಾಲದಲ್ಲಿ ಅಕ್ಕವ್ವ ಎಂಬ ಕುರುಬರ ಹುಡುಗಿ ಮೇಲೆ ಹತ್ತಿ ದೇವಿಯನ್ನು ಬೇಡಿಕೊಂಡಳಂತೆ. ‘ನಡೆ, ನೀರು ನಿನ್ನ ಬೆನ್ನು ಹತ್ತಿ ಬರುತ್ತದೆ. ಮಾತಾಡಬೇಡ, ಹೊರಳಿ ನೋಡಬೇಡ’ ಎಂದಳಂತೆ ದೇವಿ. ಅಕ್ಕವ್ವ ಹೊರಟಳು, ಹಿಂದೆ ಜುಳುಜುಳು ಸದ್ದು. ಆದರೆ ಮೇಲೆ ಉಳಿದಿದ್ದ ಮರಿಯೊಂದು ಒದರಿತು, ಆಕೆ ಹೊರಳಿದಳು. ನೀರು ಅಲ್ಲೇ ನಿಂತು ಹೊಂಡವಾಯಿತು. ಆಕೆ ತರಲಾಗದ ನೀರನ್ನು ಹಟ್ಟಿಯವರು ವರ್ಷಕ್ಕೊಮ್ಮೆ ತಂಬಿಗೆಯಲ್ಲಿ ತರುತ್ತಾರೆ. ಹತ್ತುವಾಗ ಎಷ್ಟು ಬೇಕಾದರೂ ಕೂಗಾಡಬಹುದು. ನೀರು ತುಂಬಿದ ಮೇಲೆ ಹಿಂಡು ಮುಟ್ಟುವ ತನಕ ಒಬ್ಬರೂ ಪಿಟ್ಟೆನ್ನಬಾರದು, ಹಿಂದೆ ನೋಡಬಾರದು. ಎಪ್ಪತ್ತೆರಡರ ಬರದಲ್ಲೂ ಹೊಂಡ ಬತ್ತಲಿಲ್ಲವಾದ್ದರಿಂದ ಈ ಕಟ್ಟಳೆಯನ್ನು ಸಡಿಲಿಸುವ ಧೈರ್ಯ ಯಾರಿಗೂ ಇಲ್ಲ.

ಹೋದ ವರ್ಷ ಇದೇ ಕಟ್ಟಳೆ ಎಂಥ ಪೇಚಿಗೆ ಸಿಕ್ಕಿಸಿತೆಂದರೆ, ನೆನೆದರೆ ನಗು ಬರುತ್ತದೆ, ಜೊತೆಗೆ ಎದೆಯೂ ಝಲ್ಲೆನ್ನುತ್ತದೆ. ಇಂಡಿ ಕಡೆಯಿಂದ ಹಟ್ಟಿಗೆ ಹೊಸದಾಗಿ ಬಂದ ಸೊಸೆ ಶೇವಂತೆವ್ವ ಇಳಿಯುವಾಗ ಕಾಲು ಉಳುಕಿಸಿಕೊಂಡಳು. ಮಾತಾಡಬಾರದಲ್ಲ, ಸುಮ್ಮನೆ ಬಂಡೆಯ ಮೇಲೆ ಕೂತಳು. ಮುಂದಿನವರು ಹೊರಳಿ ನೋಡಬಾರದಲ್ಲ, ನಡೆದೇ ನಡೆದರು. ಮುಂದಾಳಾಗಿ ತಂಬಿಗೆ ಹಿಡಿದಿದ್ದ ಸುಂದರವ್ವನಿಗೂ ಗೊತ್ತಾಗಲಿಲ್ಲ. ಕೆಳಗೆ ನೀರು ಚಿಮುಕಿಸಿ, ಎಲ್ಲರೂ ಬಾಯಿ ಬಿಟ್ಟು ಮಾತಾಡತೊಡಗಿದಾಗಲೇ ಒಬ್ಬಳು ಕಡಿಮೆ ಎಂದು ತಿಳಿದದ್ದು. ಸುಂದರವ್ವ ಬಿದ್ದಂಬೀಳ ಓಡಿ ಹೋದಳು. ಮಟಮಟ ಮಧ್ಯಾಹ್ನದಲ್ಲಿ ಕಾದ ಬಂಡೆಯ ಮೇಲೆ ಶೇವಂತೆವ್ವ ತುಟಿ ಒಣಗಿಸಿಕೊಂಡು ಕೂತಿದ್ದಳು. ಆಗಲೂ ಬಾಯಿ ತೆರೆಯಲಿಲ್ಲ. ಕೈಸನ್ನೆಯಲ್ಲೇ ಕಾಲು ತೋರಿಸಿದಳು.

ಆಕೆಯನ್ನು ಬೆನ್ನ ಮೇಲೆ ಹೊತ್ತು ತಂದ ಸುಂದರವ್ವ ಅಂದೇ ತೀರ್ಮಾನ ಮಾಡಿದಳು, ಇನ್ನು ತಾನು ಎಲ್ಲರಿಗಿಂತ ಹಿಂದೆ ಇಳಿಯುವುದೆಂದು. ಕಡೆಯಲ್ಲಿ ನಡೆಯುವವಳಿಗೆ ಹಿಂದೆ ನೋಡುವ ಅಗತ್ಯವೇ ಇಲ್ಲ. ಎಲ್ಲರೂ ಕಣ್ಣ ಮುಂದೆಯೇ ಇರುತ್ತಾರೆ, ಕಟ್ಟಳೆಯೂ ಮುರಿಯುವುದಿಲ್ಲ. ಆದರೆ ತಂಬಿಗೆ ಮುಂದೆ ನಡೆಯುವವರ ಕೈಯಲ್ಲೇ ಇರಬೇಕು, ಮುಂದೆ ನಡೆಯುವವರು ಆ ಮನೆಯವರೇ ಆಗಿರಬೇಕು ಎಂದು ಹಿರಿಯರು ಪಟ್ಟು ಹಿಡಿದರು. ಅಕ್ಕವ್ವ ಮುಂದೆ ನಡೆದಿದ್ದಳಲ್ಲವೇ ಎಂಬುದು ಅವರ ವಾದ. ಸುಂದರವ್ವ ತಲೆ ತಗ್ಗಿಸಲಿಲ್ಲ.

“ಅಕ್ಕವ್ವ ಹೊಳ್ಳಿ ನೋಡಿದ್ದು ತಪ್ಪಂತಾರ. ಮರಿ ಒದರಿದ್ರ ಕುರುಬರ ಹುಡುಗಿ ಹೊಳ್ಳಿ ನೋಡದ ಇರ್ತಾಳೇನ್ರಿ? ಹಿಂದ ಒಬ್ಬರು ಇದ್ದಿದ್ರ ಆಕಿ ಮರಿನೂ ಉಳೀತಿತ್ತು, ನೀರೂ ಬರ್ತಿತ್ತು,” ಎನ್ನುತ್ತಾಳೆ.

ಹಟ್ಟಿಯ ಹಿರಿಯ ಸೋಮನಿಂಗಜ್ಜ ಕಡೆಗೆ ಒಂದು ದಾರಿ ಹೇಳಿದ. ಈ ವರ್ಷ ನಿನ್ನ ಮನಸ್ಸಿನಂತೆ ಮಾಡು, ನಾನೂ ಬರುತ್ತೇನೆ, ನೋಡುತ್ತೇನೆ. ನನಗೆ ಸರಿ ಕಾಣದಿದ್ದರೆ ತಂಬಿಗೆ ಬೇರೆ ಮನೆಗೆ ಹೋಗುತ್ತದೆ ಎಂದ. ತಂಬಿಗೆ ಹೋದರೆ ತೂಗುಗಲ್ಲು, ಗವಿ, ಶಾಲೆಯ ಹುಡುಗಿಯರ ಕೇಕೆ ಎಲ್ಲವೂ ಹೋದಂತೆ. ನಿನ್ನೆಯಿಂದ ಸುಂದರವ್ವನಿಗೆ ಅದೇ ಚಿಂತೆ.

ಹತ್ತುವಾಗ ಮಾತ್ರ ಅದೆಲ್ಲ ಮರೆತೇಹೋಗುತ್ತದೆ. ಬಿಸಿಲು ಬಂಡೆಗಳ ನೆತ್ತಿ ಮುಟ್ಟುತ್ತಿದ್ದಂತೆ ನವಿಲುಗಳು ಕೂಗುತ್ತವೆ, ಜನ ತಿರುಗಿ ಕೂಗುತ್ತಾರೆ. ತೂಗುಗಲ್ಲಿಗೆ ಸೋಮನಿಂಗಜ್ಜನೇ ಬೆನ್ನು ಕೊಟ್ಟು ಒತ್ತಿ, ಅದು ಅಲುಗಿದೊಡನೆ ಮೀಸೆಯಡಿ ನಗುತ್ತಾನೆ. ಗವಿಯಲ್ಲಿ ಬಾವಲಿಗಳು ಬುರ್ರೆಂದು ಎದ್ದು ತಲೆ ಸವರಿ ಹೋಗುತ್ತವೆ, ಹೆಂಗಸರು ಒಬ್ಬರ ಸೆರಗು ಒಬ್ಬರು ಹಿಡಿದು ಚೀರುತ್ತಾರೆ. ಮೇಲೆ ಹೊಂಡ ತುಂಬಿ ತುಳುಕುತ್ತಿದೆ. ಸುಂದರವ್ವ ತಂಬಿಗೆ ಮುಳುಗಿಸಿ ಎತ್ತಿ, ಹೋದ ವರ್ಷ ಗುಡ್ಡದ ಮೇಲೆ ಉಳಿದಿದ್ದ ಶೇವಂತೆವ್ವನ ಕೈಗೇ ಕೊಡುತ್ತಾಳೆ. ಹುಡುಗಿಯ ಕಣ್ಣು ತುಂಬಿ ಬರುತ್ತವೆ. ಮಾತಾಡುವಂತಿಲ್ಲ, ತಂಬಿಗೆಯನ್ನು ಎದೆಗವಚಿಕೊಂಡು ಮುಂದೆ ಹೊರಡುತ್ತಾಳೆ.

ಸಾಲು ಇಳಿಯುತ್ತದೆ. ಇಷ್ಟೊತ್ತು ಕೇಕೆ ಹಾಕಿದ ಜನ ಇವರೇ ಏನು ಎನ್ನುವಷ್ಟು ಮೌನ. ಸೋಮನಿಂಗಜ್ಜ ಕಡೆಯಿಂದ ಎರಡನೆಯವನು, ಅವನ ಹಿಂದೆ ಸುಂದರವ್ವ. ಅಜ್ಜ ಮೊದಮೊದಲು ಗಟ್ಟಿಯಾಗಿಯೇ ಕಾಲಿಡುತ್ತಾನೆ. ಜಾರುಬಂಡೆಯ ಹತ್ತಿರ ಬಂದಾಗ ಕೋಲು ಊರಿದ ಜಾಗದಲ್ಲಿ ಹರಳು ಸರಿದು, ಅಜ್ಜ ಮೊಣಕಾಲೂರಿ ಬಿದ್ದು, ಬಂಡೆಯ ಅಂಚಿನತನಕ ಜಾರಿ ನಿಲ್ಲುತ್ತಾನೆ. ಬಾಯಿಂದ ಒಂದು ಸ್ವರ ಇಲ್ಲ. ಹಲ್ಲು ಕಚ್ಚಿ ಕೂತವನ ಮುಂದೆ ಸಾಲು ತನ್ನ ಪಾಡಿಗೆ ತಾನು ತಿರುವಿನಲ್ಲಿ ಮರೆಯಾಗುತ್ತಿದೆ, ಒಬ್ಬರೂ ಹೊರಳುವುದಿಲ್ಲ.

ಸುಂದರವ್ವ ಹಗ್ಗ ಬಿಚ್ಚಿ ಅವನ ನಡುವಿಗೆ ಸುತ್ತುತ್ತಾಳೆ. ಇನ್ನೊಂದು ತುದಿಯನ್ನು ಕೊಂಬಿನಂತೆ ಚಾಚಿದ ಕಲ್ಲಿಗೆ ಸುತ್ತಿ ತಾನು ಹಿಡಿದುಕೊಂಡು, ಅಂಗೈಯಿಂದ ಅವನ ಬೆನ್ನು ತಟ್ಟುತ್ತಾಳೆ. ಅಜ್ಜ ಕೂತಲ್ಲೇ ಜಾರುತ್ತ ಇಳಿಯುತ್ತಾನೆ. ಅಲ್ಲಿಂದ ಮುಂದೆ ಅವನ ತೋಳು ಆಕೆಯ ಹೆಗಲ ಮೇಲೆ. ಅವನ ಉಸಿರು ಏರಿದಾಗಲೆಲ್ಲ ಆಕೆ ನಿಲ್ಲುತ್ತಾಳೆ.

ಇಬ್ಬರೂ ತಡವಾಗಿ ಕೆಳಗೆ ಬಂದಾಗ ಸಾಲಿನವರೆಲ್ಲ ಕಡೆಯವಳಿಗಾಗಿ ಕಾಯುತ್ತ ಹಿಂಡಿನ ಬಳಿ ಗುಡ್ಡಕ್ಕೆ ಬೆನ್ನು ಹಾಕಿ ನಿಂತಿದ್ದಾರೆ. ಏನಾಯಿತೆಂದು ಒಬ್ಬರೂ ಕಂಡಿಲ್ಲ. ಹತ್ತು ಹೆಜ್ಜೆ ಇರುವಾಗ ಸುಂದರವ್ವ ಅಜ್ಜನ ತೋಳನ್ನು ಮೆಲ್ಲಗೆ ಇಳಿಸಿ, ಕೋಲನ್ನು ಅವನ ಕೈಗೆ ಕೊಟ್ಟು, ಅವನು ತಾನಾಗಿಯೇ ನಡೆದು ಬರುವಂತೆ ಬಿಡುತ್ತಾಳೆ. ಬಿದ್ದದ್ದನ್ನು ಹೇಳುವ ಮನಸ್ಸು ಆಕೆಗಿಲ್ಲ. ತಂಬಿಗೆ ಹೋದರೆ ಹೋಗಲಿ, ಹಿರಿಯನ ಮಾನ ಹಟ್ಟಿಯ ಮುಂದೆ ಹರಾಜಾಗಬಾರದು ಎಂದುಕೊಳ್ಳುತ್ತಾಳೆ.

ಶೇವಂತೆವ್ವ ನೀರು ಚಿಮುಕಿಸುತ್ತಾಳೆ. ಕುರಿಗಳು ಮೈ ಕೊಡವುತ್ತವೆ, ಬಾಯಿಗಳು ಬಿಚ್ಚಿಕೊಳ್ಳುತ್ತವೆ, ಮರುಕ್ಷಣ ಎಲ್ಲರ ಕಣ್ಣು ಅಜ್ಜನ ಮೇಲೆ. ಅವನು ಅಲ್ಲೇ ಕಲ್ಲಿನ ಮೇಲೆ ಕೂತು ಧೋತರ ಎತ್ತುತ್ತಾನೆ. ಮೊಣಕಾಲು ತರಚಿ ರಕ್ತ ಇಳಿದಿದೆ.

“ಅರಿಷಿಣ ತರ್ರಿ. ನಾ ಬಿದ್ದೇನಿ. ಒದರಲಿಲ್ಲ, ಸತ್ತರೂ ಒದರ್ತಿದ್ದಿಲ್ಲ. ಈಕಿ ಹಿಂದ ಇಲ್ಲದಿದ್ರ ನಿಮ್ಮಲ್ಲಿ ಒಬ್ಬರೂ ಹೊಳ್ಳಿ ನೋಡ್ತಿದ್ದಿಲ್ಲ,” ಎನ್ನುತ್ತಾನೆ.

ಮೊದಲ ಉಣ್ಣೆಯ ಎಳೆಯನ್ನು ನೀರು ತಂದವರ ಮುಂಗೈಗೆ ಕಟ್ಟುವುದು ರೂಢಿ. ಶೇವಂತೆವ್ವನಿಗೆ ಕಟ್ಟಿಸಿದ ಮೇಲೆ ಅಜ್ಜ ಇನ್ನೊಂದು ಎಳೆ ಹೊಸೆಯಿರಿ ಎನ್ನುತ್ತಾನೆ. ಹಾಗೆ ಎರಡು ಎಳೆ ಕಟ್ಟಿದ್ದನ್ನು ಇಲ್ಲಿ ಯಾರೂ ಕಂಡಿಲ್ಲ. ಒಂದಿಬ್ಬರು ಹಿರಿಯರು ಗೊಣಗುತ್ತಾರೆ. ಸುಂದರವ್ವ ಕೈ ಮುಂದೆ ಮಾಡುತ್ತಾಳೆ. ಗುಡಿಸಲ ಬಾಗಿಲಲ್ಲಿ ಕೂತ ಚಂದಪ್ಪ ಏದುಸಿರಿನ ನಡುವೆಯೇ ಜೋರಾಗಿ ನಗುತ್ತಾನೆ.

ಎಳೆ ಕಟ್ಟುತ್ತ ಅಜ್ಜ, ತನ್ನ ಕಾಲಿನ ಋಣ ಇಂದಿಗೆ ಮುಗಿಯಿತು, ಬರುವ ವರ್ಷ ತಾನೂ ಚಂದಪ್ಪನ ಪಕ್ಕದಲ್ಲಿ ಬಾಗಿಲಲ್ಲೇ ಕೂರುವವನು ಎನ್ನುತ್ತಾನೆ. ಸುಂದರವ್ವ ಗಂಡನ ಕಡೆ ನೋಡುತ್ತಾಳೆ, ಅಜ್ಜನ ಕಡೆ ನೋಡುತ್ತಾಳೆ. ಇಡೀ ದಿನದಲ್ಲಿ ಆಕೆ ಕೇಳುವುದು ಇಷ್ಟೇ.

“ನಮ್ಮ ಮನಿಯವ್ರಿಗೆ ಇನ್ನೊಮ್ಮೆ ಹೊಂಡ ನೋಡೋ ಆಸೆ ಐತ್ರಿ ಅಜ್ಜಾ. ಇಬ್ರೂ ಕೂಡಿ ಬರ್ರಿ. ಕುಂತು ಕುಂತು ನಡೀರಿ, ಹೊತ್ತಾದ್ರ ಆಗ್ಲಿ. ಹಿಂದ ನಾ ಇರ್ತೇನಿ.”