ಹಾರ್ನಣ್ಣನ ಪಾಳಿ

ಆ ವಿಡಿಯೊ ಪೂರ್ತಿ ನೋಡ್ರಪ್ಪಾ ಅಂತ ನಾನು ಬಡಕೊಂಡೆ. ಒಬ್ಬನೂ ನೋಡಲಿಲ್ಲ. ಈಗಲೂ ದಿನಾ ಅದೇ ಮುಖಗಳ ಜೊತೆ ನಿಂತು ಚಹಾ ಕುಡಿಯುತ್ತೇನೆ, ಹೊಟ್ಟೆಪಾಡು, ಬೇರೆ ದಾರಿಯಿಲ್ಲ. ಕುಡಿದದ್ದು ಮಾತ್ರ ಮೈಗೆ ಹತ್ತುವುದಿಲ್ಲ.

ಹಾರ್ನಣ್ಣ ಅನ್ನೋದು ನಾವಿಟ್ಟ ಹೆಸರು. ರೈಲ್ವೆ ಸ್ಟೇಷನ್ ಮುಂದಿನ ನಮ್ಮ ಟ್ಯಾಕ್ಸಿ ಸ್ಟ್ಯಾಂಡಿಗೆ ಅವನೇ ಹಿರಿಯ. ಗಾಡಿಯ ಹಾರ್ನ್ ಒತ್ತುತ್ತಲೇ ಇರಲಿಲ್ಲ, ಆ ಕೆಲಸವನ್ನು ಬಾಯಿಗೆ ವಹಿಸಿದ್ದ. ನಮ್ಮಲ್ಲೊಂದು ಕಟ್ಟಳೆ ಇದೆ. ಸಾಲಿನಲ್ಲಿ ಮುಂದೆ ನಿಂತ ಗಾಡಿಗೇ ಮೊದಲ ಬಾಡಿಗೆ. ಅದಕ್ಕೆ ಪಾಳಿ ಅಂತೀವಿ. ಪಕ್ಕದ ಬೀದಿಗೆ ಕರೆದರೂ ಒಲ್ಲೆ ಅನ್ನುವಂತಿಲ್ಲ, ಮುಂದಿನವನಿಗೆ ದೂರದ ಊರಿನದು ಸಿಕ್ಕರೆ ಹಿಂದಿನವನು ಹೊಟ್ಟೆ ಉರ್ಕೊಳ್ಳುವಂತಿಲ್ಲ. ಪಾಳಿ ತಪ್ಪಿಸಿ ನುಗ್ಗಿದವನ ಮೂರು ತಲೆಮಾರನ್ನು ಹಾರ್ನಣ್ಣ ನಿಂತಲ್ಲೇ ಜಾಲಾಡುತ್ತಿದ್ದ.

ಅವನಿಗೆ ಸರಿ ಅನಿಸಿದ್ದು ಜಗತ್ತಿನಲ್ಲಿ ಬಹಳ ಕಮ್ಮಿ. ಫೋನಿನ ಮ್ಯಾಪ್ ನಂಬಿ ಒಮ್ಮೆ ಯಾರದೋ ಹಿತ್ತಿಲಿಗೆ ನುಗ್ಗಿ, ಒಣಹಾಕಿದ ಸೀರೆಯನ್ನು ಕಾರಿಗೆ ಸುತ್ತಿಕೊಂಡು ಬಂದಿದ್ದ. ಅವತ್ತಿನಿಂದ ದಾರಿ ಹೇಳುವ ಆ ಹೆಣ್ಣುದನಿಯನ್ನು 'ನಮ್ಮತ್ತೆ' ಅಂತಲೇ ಕರೆಯುತ್ತಿದ್ದ. ಹೊಸ ಕಾರುಗಳಲ್ಲಿ ವೈಪರ್ ಹಾಕೋದಕ್ಕೂ ಪರದೆ ಮುಟ್ಟಬೇಕಂತೆ, ಎಲ್ಲಿದೆ ಅಂತ ಹುಡುಕೋ ಹೊತ್ತಿಗೆ ಮಳೆ ನಿಂತು ಬಿಸಿಲು ಬಂದಿರುತ್ತೆ ಅನ್ನುತ್ತಿದ್ದ. ಸದ್ದಿಲ್ಲದೆ ಹಿಂದೆ ಬಂದು ನಿಲ್ಲೋನು ಕಳ್ಳ, ಇಲ್ಲಾಂದ್ರೆ ಬ್ಯಾಟರಿ ಕಾರು ಅನ್ನೋದು ಅವನ ಇನ್ನೊಂದು ಮಾತು. ಅರ್ಧಕ್ಕೆ ನಾನು ಹೂಂ ಅಂತಿದ್ದೆ, ಇನ್ನರ್ಧಕ್ಕೆ ಜಗಳ. ವಾರಕ್ಕೊಮ್ಮೆ ಮಾತು ಬಿಡುವುದು, ಮರುದಿನ ನಾನೇ ಹೋಗಿ ಬೆಂಕಿಪೊಟ್ಟಣ ಕೇಳುವುದು.

ಎಲ್ಲ ಶುರುವಾದದ್ದು ಒಂದು ವಿಡಿಯೊ ಗೇಮಿನಿಂದ. ಅವನ ಕಿರಿ ಮಗಳು ಟಿವಿಗೆ ಸಿಕ್ಕಿಸಿ ಆಡುವ ಕಾರಿನ ಆಟ ತಂದಿದ್ದಳು. ನೀನು ಇಷ್ಟು ವರ್ಷ ಗಾಡಿ ಓಡಿಸಿದವನಲ್ವಾ ಅಪ್ಪಾ, ಆಡಿ ತೋರಿಸು ಅಂದಳಂತೆ. ಇವನು ಕೆಂಪು ದೀಪ ಕಂಡಲ್ಲೆಲ್ಲ ನಿಲ್ಲಿಸಿದ್ದಾನೆ. ರಸ್ತೆ ದಾಟುವ ಮುದುಕಿಗೆ ದಾರಿ ಬಿಟ್ಟಿದ್ದಾನೆ. ಕಡೆಯವನಾಗಿ ಬಂದ. ಹಂಗಲ್ಲಪ್ಪಾ, ಗುದ್ದಿದ್ರೆ ಅಂಕ ಸಿಗುತ್ತೆ ಅಂತ ಮಗಳು ನಕ್ಕಾಗ ಎದ್ದು ಹೊರಗೆ ಹೋದನಂತೆ.

ಮರುದಿನ ಟೀ ಅಂಗಡಿಯಲ್ಲಿ ಅವನ ಸಿಟ್ಟಿನ ಕಟ್ಟೆ ಒಡೆಯಿತು. ಚುನಾವಣೆ ಹತ್ತಿರವಿದ್ದ ಕಾಲ, ಕಂಬಕ್ಕೊಂದು ನಗುವ ಮುಖ.

"ಗುದ್ದಿದ್ರೆ ಅಂಕ, ಸತ್ರೆ ಗುಂಡಿ ಒತ್ತಿ ಮತ್ತೆ ಶುರು. ನಮ್ಮನ್ನ ಆಳೋರೂ ಇದನ್ನೇ ಆಡ್ತಿರೋದು. ಸ್ಟಿಯರಿಂಗ್ ಅವರ ಕೈಲಿ, ಚಕ್ರದ ಕೆಳಗೆ ನಾವು."

ಅಲ್ಲಿಂದ ಆಳುವ ಪಕ್ಷದವರ ಜನ್ಮ ಜಾಲಾಡಿದ. ಒಂದು ಗುಟುಕು ಚಹಾ ಕುಡಿದು ವಿರೋಧ ಪಕ್ಷದವರ ಕಡೆ ತಿರುಗಿದ. ಅವರಿಗೆ ಇನ್ನೂ ಬಿಸಿಯಾಗಿ ಬಿತ್ತು. ಅವನ ಬೈಗುಳ ಯಾವತ್ತೂ ಹಾಗೇ, ಮೊದಲು ಕುರ್ಚಿಯಲ್ಲಿ ಕೂತವರಿಗೆ, ಆಮೇಲೆ ಕುರ್ಚಿಗೆ ಬಾಯಿ ಬಿಡುವವರಿಗೆ. ಬೈಯೋದರಲ್ಲೂ ಪಾಳಿ.

ನಮ್ಮಲ್ಲೊಬ್ಬ ಡ್ರೈವರ್ ಇದ್ದಾನೆ, ಹೋದಲ್ಲೆಲ್ಲ ಚಾರ್ಜರ್ ಕೇಳುವುದರಿಂದ ಚಾರ್ಜರ್ ಅಂತಲೇ ಹೆಸರು. ಅವನು ಇದನ್ನೆಲ್ಲ ಹಲ್ಲು ಕಿಸಿಯುತ್ತ ಫೋನಿನಲ್ಲಿ ತೆಗೆದು ಸ್ಟೇಟಸ್‌ಗೆ ಹಾಕಿದ. ಸ್ಟೇಟಸ್‌ಗೆ ಹಿಡಿಯುವುದು ಇಷ್ಟೇ ಇಷ್ಟು. ಹಾರ್ನಣ್ಣ ಚಹಾದ ಲೋಟ ಎತ್ತುವಲ್ಲಿಗೆ ಅದು ಮುಗಿದಿತ್ತು.

ಅರ್ಧ ವಿಡಿಯೊ ಊರೆಲ್ಲ ಸುತ್ತಿತು. ಆಳುವ ಪಕ್ಷದವರು ಬಂದು ನಮ್ಮ ಡ್ರೈವರುಗಳ ಸಂಘದ ಅಧ್ಯಕ್ಷನಿಗೆ ಒಂದೇ ಮಾತು ಹೇಳಿದರು: ಈ ಜಾಗ ನಗರಸಭೆಯದ್ದು, ನಗರಸಭೆ ನಮ್ಮದು. ಸ್ಟ್ಯಾಂಡ್ ಬೇಕೋ, ಅವನು ಬೇಕೋ?

ಅಧ್ಯಕ್ಷ ಹೇಳಿ ಕಳಿಸಿದಾಗ ಹಾರ್ನಣ್ಣನ ಗಾಡಿಯೇ ಸಾಲಿನ ಮುಂದಿತ್ತು, ನನ್ನದು ಅದರ ಹಿಂದೆ. ರೈಲು ಆಗಷ್ಟೇ ಬಂದಿತ್ತು. ಪೆಟ್ಟಿಗೆಗಳ ಜೊತೆ ಒಂದು ಸಂಸಾರ, ದೂರದ ಊರಿಗೆ ಬಾಡಿಗೆ. ತಿಂಗಳಿಗೊಮ್ಮೆ ಸಿಗುವಂಥದ್ದು.

"ನೀನು ಹೋಗೋ" ಅಂದ ಹಾರ್ನಣ್ಣ. "ನನ್ನ ಪಾಳಿ ತಗೋ. ನಾಳೆ ನಿಂದು ನಾನು ತಗೋತೀನಿ."

ನಾನು ಹೋದೆ. ಹೊತ್ತು ಮುಳುಗುವಾಗ ತಿರುಗಿ ಬಂದರೆ ಅವನ ಗಾಡಿ ಇಲ್ಲ. ಸಂಘದ ಕೋಣೆಗೆ ಚಹಾ ತಗೊಂಡು ಹೋಗಿದ್ದ ಟೀ ಅಂಗಡಿ ಅಕ್ಕ ನಡೆದದ್ದನ್ನೆಲ್ಲ ಹೇಳಿದಳು. ಅಲ್ಲೇ ಕೂತಿದ್ದ ಆಳುವ ಪಕ್ಷದವರು ಫೋನಿನ ಮುಂದೆ ಕ್ಷಮೆ ಕೇಳಬೇಕು ಅಂದರಂತೆ. ಅವನು ಒಂದೇ ಏಟಿಗೆ ಒಪ್ಪಿದನಂತೆ. ಆದರೆ ಹೇಳಿದ್ದು ಇದು:

"ಬೈದಿದ್ದು ಇಬ್ಬರಿಗೂ. ಇಬ್ಬರಿಗೂ ಕ್ಷಮೆ ಕೇಳ್ತೀನಿ. ನಿಮಗೊಬ್ಬರಿಗೇ ಕೇಳಿದ್ರೆ ಅವರಿಗೆ ಮೋಸ ಆಗುತ್ತೆ."

ತಮ್ಮ ಹೆಸರಿನ ಪಕ್ಕ ಅವರ ಹೆಸರಾ ಅಂತ ಬಂದವರು ಕುರ್ಚಿ ಒದ್ದು ಎದ್ದರು. ಅಲ್ಲೇ, ಆಗಲೇ, ಸಂಘದವರು ಪಟ್ಟಿಯಿಂದ ಅವನ ಹೆಸರು ಹೊಡೆದು ಹಾಕಿದರು. ಪೂರ್ತಿ ವಿಡಿಯೊ ಜೇಬಿನಲ್ಲಿಟ್ಟುಕೊಂಡು ಚಾರ್ಜರ್ ಗೋಡೆ ನೋಡುತ್ತ ಕೂತಿದ್ದನಂತೆ.

ನಾನು ಅವನ ಕಾಲರ್ ಹಿಡಿದೆ.

"ಸ್ಟೇಟಸ್‌ಗೆ ಅಷ್ಟೇ ಹಿಡಿಯೋದು ಅಣ್ಣಾ, ನಂದೇನು ತಪ್ಪು?" ಅಂದ.

ಜನ ಬಿಡಿಸಿದರು. ಅವನ ಫೋನ್ ಕಿತ್ತು ಒಬ್ಬೊಬ್ಬರ ಮೂಗಿನ ಮುಂದೆ ಹಿಡಿದೆ. ಒಬ್ಬನಿಗೆ ಬಾಡಿಗೆ ಬಂತು, ಇನ್ನೊಬ್ಬನಿಗೆ ಕನ್ನಡಕ ಇರಲಿಲ್ಲ. ಅಧ್ಯಕ್ಷ ನನ್ನ ಹೆಗಲು ತಟ್ಟಿ, ಸ್ಟ್ಯಾಂಡ್ ಉಳೀತಲ್ಲ, ಬಿಡೋ ಅಂದ. ಯಾವ ಸ್ಟ್ಯಾಂಡ್? ಪಾಳಿ ಕಾಯುವವನನ್ನೇ ಹೊರಗೆ ಹಾಕಿದ ಮೇಲೆ ಉಳಿದದ್ದು ಡಾಂಬರು ಮತ್ತು ಎಣ್ಣೆ ಕಲೆ.

ಹಾರ್ನಣ್ಣ ಈಗ ಆ್ಯಪಿನ ಕಂಪನಿಗೆ ಓಡಿಸುತ್ತಾನೆ. ಅತ್ತೆ ಹೇಳಿದ ಕಡೆ ತಿರುಗುತ್ತಾನೆ. ಮೊನ್ನೆ ಸ್ಟೇಷನ್ನಿನ ಆಚೆ ಗೇಟಿನಲ್ಲಿ ಯಾರನ್ನೋ ಇಳಿಸುತ್ತಿದ್ದ. ಅವತ್ತು ಸಾಲಿನಲ್ಲಿ ನಾನೇ ಮುಂದೆ. ಓಡಿ ಹೋಗಿ ಬಾಗಿಲು ಹಿಡಿದು, ಅಣ್ಣಾ ಬಾ, ನನ್ನ ಜಾಗದಲ್ಲಿ ಗಾಡಿ ನಿಲ್ಲಿಸು, ಯಾವನು ತಡೀತಾನೆ ನೋಡ್ತೀನಿ ಅಂದೆ.

"ಸ್ಟ್ಯಾಂಡಿನ ಪಾಳಿ ಸ್ಟ್ಯಾಂಡಿನೋರಿಗೆ ಕಣೋ" ಅಂದ. "ಕಟ್ಟಳೆ ನಾನೇ ಮುರೀಲಾ?"

ಅವನ ಫೋನ್ ಬಡಕೊಂಡಿತು, ಎಲ್ಲೋ ಯಾರೋ ಕಾಯುತ್ತಿದ್ದರು. ಹೋದ. ನನ್ನ ಹಿಂದಿನವರು ಗಾಡಿ ತೆಗಿಯೋ, ಗಿರಾಕಿ ನಿಂತಿದಾರೆ ಅಂತ ಅರಚುತ್ತಿದ್ದರು. ಹತ್ತಿಸಿಕೊಂಡೆ. ಅವನಿಗೆ ಕೊಡಬೇಕಾದ ಪಾಳಿ ಇನ್ನೂ ನನ್ನ ತಲೆ ಮೇಲೇ ಇದೆ.