ಮೊಟ್ಟೆ ಹಾಕದ ಟ್ಯೂಬು

ನನ್ನ ಕಾಯಿಲೆಯ ಮೊದಲ ಲಕ್ಷಣವನ್ನು ನಾನೇ ಸ್ಪಿರಿಟ್ ಲ್ಯಾಂಪಿನ ಮೇಲೆ ಹಿಡಿದು ಕಾಯಿಸಿದ್ದೆ. ಕಣ್ಣಾರೆ ನೋಡಿದ್ದೆ. ಆಮೇಲೆ ರೆಕಾರ್ಡ್ ಪುಸ್ತಕದಲ್ಲಿ ಸುಳ್ಳು ಬರೆದೆ.

ಆಗ ನಾನು ಯಾದಗಿರಿಯಲ್ಲಿ ಬಿ.ಎಸ್ಸಿ. ಡಯಾಲಿಸಿಸ್ ಟೆಕ್ನಾಲಜಿ ಎರಡನೇ ವರ್ಷ. ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂದು ಕಾಯಿಸಿ ನೋಡುವ ಪ್ರಾಕ್ಟಿಕಲ್. ಇದ್ದರೆ ಬೆಳ್ಳಗಾಗಿ, ಆಸಿಡ್ ಹಾಕಿದರೂ ಹಾಗೇ ಉಳಿಯುತ್ತದೆ. ಎಲ್ಲರೂ ತಮ್ಮದೇ ಸ್ಯಾಂಪಲ್ ತರಬೇಕು. ಒಂದು ಟ್ಯೂಬು ಹಾಗೇ ಇರುತ್ತದೆ, ಅದು ನಾರ್ಮಲ್. ಇನ್ನೊಂದಕ್ಕೆ ಮೊಟ್ಟೆಯ ಬಿಳಿ ಲೋಳೆ ಕಲಸುತ್ತೇವೆ, ಅದು ರೋಗಿಯದು. ಇಪ್ಪತ್ತರ ಹುಡುಗಿಯರಿಗೆ ರೋಗ ಮೊಟ್ಟೆಯಿಂದಲೇ ಬರಬೇಕಲ್ಲವೇ!

ನನ್ನ ಎರಡೂ ಟ್ಯೂಬು ಬೆಳ್ಳಗಾದವು. ಆಸಿಡ್ ಹನಿ ಹಾಕಿದರೂ ಬಿಳುಪು ಹೋಗಲಿಲ್ಲ.

"ಎರಡಕ್ಕೂ ಮೊಟ್ಟಿ ಹಾಕೀಯೇನ? ಲಕ್ಷ್ಯ ಎಲ್ಲದ ನಿಂದು?" ಲ್ಯಾಬ್ ಸರ್ ಎಲ್ಲರ ಮುಂದೆ ಬೈದರು. "ಬಾಜೂದಕಿದು ನೋಡಿ ಬರಿ."

ಬರೆದೆ. ನಾರ್ಮಲ್ ಸ್ಯಾಂಪಲ್, ಪ್ರೋಟೀನ್ ಇಲ್ಲ. ಸರ್ ಸಹಿ ಹಾಕಿದರು. ಒಂದೇ ಟ್ಯೂಬಿಗೆ ಮೊಟ್ಟೆ ಹಾಕಿದ್ದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚು.

ನಾಲ್ಕು ತಿಂಗಳು ಹೋದವು. ಬೆಳಿಗ್ಗೆ ಎದ್ದರೆ ಕಣ್ಣಿನ ರೆಪ್ಪೆ ಉಬ್ಬಿರುತ್ತಿತ್ತು. ಹಾಸ್ಟೆಲ್ ಊಟ ಮೈಗೆ ಹತ್ತಿದೆ ಎಂದು ಗೆಳತಿಯರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಡಯಾಲಿಸಿಸ್ ಯೂನಿಟ್ಟಿನ ಪೋಸ್ಟಿಂಗಿನಲ್ಲಿ ದಿನಾ ಹತ್ತು ರೋಗಿಗಳ ಕಾಲು ಒತ್ತಿ ಬಾವು ನೋಡುತ್ತಿದ್ದೆ. ನನ್ನ ಕಾಲು ಒತ್ತಿಕೊಳ್ಳುವ ಬುದ್ಧಿ ಬರಲಿಲ್ಲ.

ಅದನ್ನು ಹೇಳಿದ್ದು ಕೆಂಭಾವಿಯಿಂದ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಬರುವ ಭೀಮರಾಯ ಕಾಕಾ. "ಯವ್ವಾ, ನಿನ್ನ ಮಾರಿ ನನ್ನ ಮಾರಿಗತೆ ಆಗ್ಯದಲ್ಲ. ಕಾಲು ಒತ್ತಿ ನೋಡ್ಕೋ."

ಒತ್ತಿದೆ. ಕುಳಿ ಬಿತ್ತು. ಮೇಲೇಳಲಿಲ್ಲ.

ಕಲಬುರಗಿಯ ಕಿಡ್ನಿ ಡಾಕ್ಟರು ರಿಪೋರ್ಟು ತಿರುವಿ, ಏನು ಓದುತ್ತೀ ಎಂದು ಕೇಳಿದರು. ಹೇಳಿದೆ. "ಡಯಾಲಿಸಿಸ್ ಓದಿಯೂ ಗೊತ್ತಾಗಲಿಲ್ವಾ?" ಎಂದು ನಕ್ಕರು. ಆ ನಗುವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಬಯಾಪ್ಸಿ ಆಯಿತು. ಕಿಡ್ನಿಯ ಸೋಸುವ ಭಾಗಕ್ಕೇ ಏಟು ಬಿದ್ದಿತ್ತು, ಸೋಸದೆ ರಕ್ತದಲ್ಲಿ ಉಳಿಯುವ ಕ್ರಿಯಾಟಿನಿನ್ ಏರುತ್ತಿತ್ತು. ಸ್ಟಿರಾಯ್ಡ್ ಕೊಟ್ಟು ನೋಡೋಣ, ಅದಕ್ಕೂ ಕಾಯಿಲೆ ಬಗ್ಗದಿದ್ದರೆ ಮುಂದೇನೆಂದು ನಿನಗೇ ಗೊತ್ತಲ್ಲ ಎಂದರು.

ಗೊತ್ತಿತ್ತು. ಬೇರೆ ರೋಗಿಗಳಿಗೆ ಗೊತ್ತಿಲ್ಲದ್ದೂ ಗೊತ್ತಿತ್ತು. ಆ ಸೂಜಿ ಎಷ್ಟು ದಪ್ಪ, ನಾಲ್ಕು ತಾಸು ಮಲಗಿದವರ ಕಾಲು ಹೇಗೆ ಸೆಟೆಯುತ್ತದೆ, ಯಾವ ಹಾಸಿಗೆ ಯಾವ ವಾರ ಖಾಲಿಯಾಯಿತು, ಎಲ್ಲವೂ. ಮಷೀನಿನ ಪಕ್ಕ ನಿಲ್ಲಲು ಓದಿದವಳು ಅದರ ಹಾಸಿಗೆಯ ಮೇಲೆ ಮಲಗಬೇಕಾಗುತ್ತದೆಯೇ? ಆಮೇಲಿನ ತಿಂಗಳುಗಳಲ್ಲಿ ನನಗೆ ಬೇರೆ ಚಿಂತೆಯೇ ಇರಲಿಲ್ಲ.

ವಡಗೇರಾದ ಮನೆಗೆ ಬಂದೆ. ಉಪ್ಪಿಲ್ಲದ ಊಟ. ಸ್ಟಿರಾಯ್ಡಿಗೆ ಮುಖ ರೊಟ್ಟಿಯ ಹಾಗೆ ದುಂಡಗಾಯಿತು. ನೋಡಲು ಬಂದ ದೊಡ್ಡವ್ವ ಪಡಸಾಲೆಯಲ್ಲೇ ಕೂತು ಅವ್ವನಿಗೆ ತೀರ್ಪು ಕೊಟ್ಟಳು: "ಆ ಮಷೀನ್ ಮುಟ್ಟಿ ಮುಟ್ಟಿ ಹತ್ಯದ. ಓದು ಬಿಡಸು."

ಅವ್ವ ಅಂಗನವಾಡಿ ಸಹಾಯಕಿ. ಊರ ಮಕ್ಕಳಿಗೆಲ್ಲ ಲಸಿಕೆ ಹಾಕಿಸಿದವಳು. ಅವಳೂ ಹೌದೆಂದು ತಲೆಯಾಡಿಸಿದಳು.

"ಇದು ಹತ್ತೂ ರೋಗ ಅಲ್ಲ ಅಂತ ಎಷ್ಟು ಸಲ ಹೇಳ್ಬೇಕ?" ಎಂದು ತಾಟು ತಳ್ಳಿದೆ. ಸಾರು ಅವಳ ಸೀರೆಗೆ ಸಿಡಿಯಿತು. ಅವ್ವ ಒರೆಸಿಕೊಳ್ಳದೆ ಹೇಳಿದಳು, "ನನಗ ನೀ ಬೇಕು. ನಿನ್ನ ಡಿಗ್ರಿ ಬ್ಯಾಡ."

ಆ ದಿನ ಅವಳನ್ನು ದ್ವೇಷಿಸಿದೆ. ಬರೆಯಲು ನಾಚಿಕೆಯಾದರೂ ಅದು ನಿಜ.

ಮೂರು ತಿಂಗಳಿಗೆ ಪ್ರೋಟೀನ್ ಇಳಿಯಿತು. ಕ್ರಿಯಾಟಿನಿನ್ ಏರುವುದು ನಿಂತಿತು. ವಾಸಿ ಎಂದು ಡಾಕ್ಟರು ಹೇಳಲಿಲ್ಲ, ಸದ್ಯಕ್ಕೆ ನಿಂತಿದೆ ಎಂದರು. ಅವ್ವನ ಮಾತು ಮೀರಿ ಕಾಲೇಜಿಗೆ ಹಿಂದಿರುಗಿದ ದಿನ ಲ್ಯಾಬ್ ಸರ್‌ಗೆ ನೇರವಾಗಿ ಹೇಳಿದೆ, "ಅವತ್ತು ನಾ ಎರಡಕ್ಕೂ ಮೊಟ್ಟಿ ಹಾಕಿದ್ದಿಲ್ರಿ."

ಅವರು ಹಾಜರಿ ಪುಸ್ತಕ ತೆರೆದರು. "ಮುಗದ ಮಾತು ಈಗ್ಯಾಕವ್ವ? ಅಟೆಂಡೆನ್ಸ್ ಕಮ್ಮಿ ಅದ, ಒಂದು ವರ್ಷ ಬಿಡು."

"ಬಿಡಂಗಿಲ್ರಿ."

ತಪ್ಪಿದ ಪೋಸ್ಟಿಂಗನ್ನು ರಜೆಯಲ್ಲಿ ಮಾಡಬೇಕೆಂಬ ಷರತ್ತಿನ ಮೇಲೆ ನನ್ನ ಪರೀಕ್ಷೆಯ ಅರ್ಜಿಗೆ ಸಹಿ ಹಾಕಿದರು. ಕ್ಷಮೆ ಕೇಳಲಿಲ್ಲ. ನಾನೂ ಕ್ಷಮಿಸಿಲ್ಲ.

ರಜೆಯ ಮೊದಲ ದಿನ ಅವ್ವ ಯೂನಿಟ್ಟಿಗೇ ಬಂದಳು. ಹಾಸ್ಟೆಲ್ಲಿನಿಂದ ನನ್ನ ಬಟ್ಟೆಯನ್ನೆಲ್ಲ ಚೀಲಕ್ಕೆ ತುಂಬಿಸಿಕೊಂಡು, ಊರಿಗೆ ಕರೆದೊಯ್ಯಲು. ಮಾಸ್ಕ್ ಹಾಕಿಕೊಂಡು ಬಾಗಿಲಲ್ಲಿ ನಿಂತಳು. ನಾನು ಮಷೀನ್ ಸಿದ್ಧ ಮಾಡುತ್ತಿದ್ದೆ. ಭೀಮರಾಯ ಕಾಕಾ ತೋಳು ಚಾಚಿದರು. "ಇವತ್ತು ಈಕಿನೇ ಚುಚ್ಚಲಿ."

ಸೀನಿಯರ್ ಟೆಕ್ನಿಷಿಯನ್ ಪಕ್ಕಕ್ಕೆ ಬಂದು ಆಗಲಿ ಎಂದು ತಲೆಯಾಡಿಸಿದರು. ಮೊಣಕೈಯನ್ನು ಹಾಸಿಗೆಗೆ ಊರಿ, ಉಸಿರು ಹಿಡಿದು ಚುಚ್ಚಿದೆ. ನಳಿಕೆಯಲ್ಲಿ ರಕ್ತ ಏರಿತು. ಮಷೀನ್ ಅಲಾರಂ ಹೊಡೆಯದೆ ತಿರುಗತೊಡಗಿತು.

ಅವ್ವ ಕಾಕಾನ ಹಾಸಿಗೆಯ ಹತ್ತಿರ ಬಂದಳು. "ಬ್ಯಾನಿ ಆತೇನ್ರಿ, ಅಣ್ಣಾರ?"

"ಇಲ್ಲಬೇ. ಆಕಿ ಕೈ ಹಗುರದ."

ಅವ್ವ ಚೀಲವನ್ನು ಗೋಡೆಗೆ ಒರಗಿಸಿಟ್ಟಳು.

"ನಾಳಿ ಡ್ಯೂಟಿ ಎಷ್ಟಕ್ಕದ?" ಎಂದಳು.