ಏಳನೇ ಜೋಡಿ, ಎಂಟನೇ ಜೋಡಿ

1976ರಲ್ಲಿ ನಾನು ಮಂಡ್ಯದಲ್ಲಿ ಕಿರಿಯ ಎಂಜಿನಿಯರ್ ಆಗಿದ್ದೆ. ಕೆಲಸಕ್ಕೆ ಸೇರಿ ಎರಡು ವರ್ಷ ತುಂಬಿರಲಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಪಟ್ಟಣಗಳ ಟೆಲಿಫೋನ್ ಕೇಬಲ್ಲುಗಳನ್ನು ಜೋಡಿಸಿ ಪರೀಕ್ಷಿಸುವುದು ನನ್ನ ಪಾಲಿಗೆ ಬಂದಿತ್ತು. ಮಳವಳ್ಳಿಯಲ್ಲಿ ಆಗ ಫೋನು ಇದ್ದವರು ಕೆಲವರೇ. ಊರೊಳಗಿನ ಕರೆಗೆ ಆಪರೇಟರ್ ಬೇಕಿರಲಿಲ್ಲ. ನಂಬರು ತಿರುಗಿಸಿದರೆ ಯಂತ್ರವೇ ಜೋಡಿಸುತ್ತಿತ್ತು. ಹಾಗಾಗಿ ನಡುವೆ ಕಿವಿಗೊಡುವವರು ಯಾರೂ ಇಲ್ಲ ಎಂದು ಎಲ್ಲರೂ ನಂಬಿದ್ದರು.

ಜುಲೈ 12, ಸೋಮವಾರ. ನಾನು ಮಳವಳ್ಳಿಯಲ್ಲಿದ್ದೆ. ಪೇಟೆ ಬೀದಿಯ ಡಾಕ್ಟರ್ ಸರೋಜಮ್ಮ ನಮ್ಮ ಕಚೇರಿಗೆ ಬಂದರು. ಕೂರಲಿಲ್ಲ.

"ನನ್ನ ಫೋನಿನ ತಂತಿ ಇನ್ಯಾರ ಮನೆಗೆ ಹೋಗುತ್ತೆ, ನೋಡಿ ಹೇಳ್ತೀರಾ?" ಎಂದರು.

ವಿಷಯ ಹೀಗಿತ್ತು. ಬಸ್ ನಿಲ್ದಾಣದ ಹತ್ತಿರ ಹೋಟೆಲ್ ಇಟ್ಟಿದ್ದ ಸಿದ್ದಪ್ಪನಿಗೆ ಏಪ್ರಿಲ್‌ನಲ್ಲಿ ಕ್ಷಯ ಎಂದು ಗೊತ್ತಾಗಿತ್ತು. ದಿನವೂ ಇಂಜೆಕ್ಷನ್, ಜೊತೆಗೆ ಮಾತ್ರೆ, ಒಂದು ವರ್ಷಕ್ಕೂ ಮೇಲೆ. ಹೆಂಡತಿ ಮತ್ತು ಡಾಕ್ಟರು ಬಿಟ್ಟರೆ ಯಾರಿಗೂ ಗೊತ್ತಾಗಬಾರದು ಎಂದು ಅವನು ಕೈಮುಗಿದು ಕೇಳಿಕೊಂಡಿದ್ದ. ಡಾಕ್ಟರು ಅವನ ಹೆಸರು ಹೇಳಿದ್ದು ಒಂದೇ ಸಲ, ಮೇ ತಿಂಗಳಲ್ಲಿ, ಔಷಧಿಗಾಗಿ ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ, ಅದೂ ಫೋನಿನಲ್ಲಿ. ವಾರದೊಳಗೆ ಊರಿಗೆಲ್ಲ ಗೊತ್ತಾಯಿತು. ಹೋಟೆಲಿನ ಬೆಂಚುಗಳು ಖಾಲಿಯಾದವು. ಡಾಕ್ಟರೇ ಬಾಯಿಬಿಟ್ಟರೆಂದು ತಿಳಿದ ಸಿದ್ದಪ್ಪ ಹೋಟೆಲಿನ ಬಾಗಿಲು ಹಾಕಿಕೊಂಡು ಕಿರುಗಾವಲಿನ ಮಾವನ ಮನೆಗೆ ಹೋಗಿಬಿಟ್ಟ. ಇಂಜೆಕ್ಷನ್ನಿಗೂ ಬರಲಿಲ್ಲ.

"ಹೋಟೆಲ್ ಹೋಯ್ತು, ಸರಿ. ಔಷಧಿ ಬಿಟ್ಟನಲ್ಲ, ಅದಕ್ಕೆ ಬಂದೆ. ಮಧ್ಯದಲ್ಲಿ ನಿಲ್ಲಿಸಿದರೆ ಆಮೇಲೆ ಯಾವ ಔಷಧಿಗೂ ಅದು ಬಗ್ಗಲ್ಲ. ಎರಡು ಸಲ ಹೇಳಿಕಳಿಸಿದೆ. ನನ್ನ ಮುಖ ನೋಡಲ್ಲ ಅಂತಾನೆ. ನಾನು ಹೇಳಲಿಲ್ಲ ಅಂತ ಅವನಿಗೆ ತೋರಿಸಿಕೊಡಿ."

ಅವತ್ತೇ ಪರೀಕ್ಷೆಗೆ ಕೂತೆ. ನಮ್ಮ ಪರೀಕ್ಷೆಗಳು ಸರಳ. ತಂತಿಯ ಈ ತುದಿಗೆ ಬ್ಯಾಟರಿ ಕೊಟ್ಟರೆ ಆ ತುದಿಯಲ್ಲಿ ಬಜರ್ ಕೂಗಬೇಕು. ಒಂದು ತಂತಿ ಇನ್ನೊಂದಕ್ಕೆ ತಗುಲಿರಬಾರದು. ತೇವ ಹೊಕ್ಕು ನೆಲಕ್ಕೆ ಸೋರಬಾರದು. ಅದನ್ನು ಮೆಗ್ಗರ್ ಎಂಬ ಕೈತಿರುಗಣೆಯ ಮೀಟರು ಹೇಳುತ್ತದೆ. ಡಾಕ್ಟರ ಲೈನು ಎಲ್ಲದರಲ್ಲೂ ಪಾಸಾಯಿತು. ಮಂಡ್ಯಕ್ಕೆ ಫೋನು ಮಾಡಿ ಮೇಲಧಿಕಾರಿಗೆ ಹೇಳಿದೆ.

"ಟೆಸ್ಟ್ ಓಕೆ ಅಂದ್ಮೇಲೆ ಮುಗೀತಲ್ಲಪ್ಪ. ಊರಿನೋರ ಬಾಯಿಗೆ ನಾವು ಬೀಗ ಹಾಕೋಕಾಗುತ್ತಾ?" ಎಂದರು.

ಮರುದಿನ ಕೇಬಲ್ ನಕ್ಷೆ ತೆಗೆದು ನೋಡಿದೆ. ಡಾಕ್ಟರದು ಏಳನೇ ಜೋಡಿ ತಂತಿ. ಎಂಟನೆಯದು ಒಂದು ಬೆಲ್ಲದ ಮಂಡಿಯದು. ಅಲ್ಲಿಗೆ ಹೋದೆ. ಲೆಕ್ಕ ಬರೆಯುವ ಬೋರಯ್ಯ ಗದ್ದುಗೆಯ ಮೇಲಿದ್ದ. ಹಮಾಲರು ಅಚ್ಚು ಬೆಲ್ಲ ಇಳಿಸುತ್ತಿದ್ದರು. ಫೋನಿನಲ್ಲಿ ಬೇರೆಯವರ ಮಾತು ಕೇಳಿಸುತ್ತದೆಯೇ ಎಂದೆ.

"ಕೇಳ್ಸದೆ ಏನು ಸಾಮಿ? ಡಾಕ್ಟ್ರಮ್ಮ ಇಲ್ಲೇ ಕುಂತು ಮಾತಾಡ್ದಂಗೆ. ವಸಿ ಸಣ್ಣಗೆ, ಅಷ್ಟೇಯ."

"ಮತ್ತೆ ದೂರು ಯಾಕೆ ಕೊಡಲಿಲ್ಲ?"

"ಪುಕ್ಸಟ್ಟೆ ರೇಡಿಯೋನ ಯಾರಾದ್ರೂ ಕೆಡುಸ್ಕತ್ತಾರಾ?"

ಹಮಾಲನೊಬ್ಬ ಮೂಟೆಯ ಕೆಳಗಿನಿಂದಲೇ ಕೂಗಿದ: "ಲೇ ಬೋರ, ರೇಡಿಯೋ ಲೈಸೆನ್ಸ್ ದುಡ್ಡು ಕೇಳಾಕೆ ಬಂದವ್ರೆ ಕಣ್ಲಾ, ಕಟ್ಟು!" ಎಲ್ಲರೂ ನಕ್ಕರು. ಸಿದ್ದಪ್ಪನ ವಿಷಯ ಕೇಳಿಸಿದ್ದೂ ಇಲ್ಲೇನಾ ಎಂದು ಕೇಳಿದಾಗ ಮಾತ್ರ ನಗು ನಿಂತಿತು. "ಕಿವಿಗೆ ಬಿದ್ದಿದ್ದ ಏಳ್ದೆ. ನಮ್ಮುಡುಗ್ರು ದಿನಾ ಅಲ್ಲೇ ತಿನ್ನೋರು ಸಾಮಿ, ಏಳ್ದೆ ಇರಕ್ಕಾದದಾ?" ಎಂದ ಬೋರಯ್ಯ. ಹುಡುಗನೊಬ್ಬನ ಕೈಲಿ, ತಮ್ಮ ಫೋನಿನಲ್ಲಿ ಏನಾದರೂ ಓದುವಂತೆ ಡಾಕ್ಟರಿಗೆ ಹೇಳಿಕಳಿಸಿದೆ.

ಡಾಕ್ಟರು ಅತ್ತ ಪತ್ರಿಕೆ ಓದಿದರು. ಇತ್ತ ಮಂಡಿಯ ರಿಸೀವರಿನಲ್ಲಿ ನಾನು ಸುದ್ದಿಯ ಪ್ರತಿ ಪದವನ್ನೂ ಕೇಳಿದೆ.

ಒಂದು ಫೋನಿಗೆ ಎರಡು ತಂತಿ ಬೇಕು. ಆ ಎರಡನ್ನು ಒಂದಕ್ಕೊಂದು ಹೊಸೆದಿರುತ್ತಾರೆ. ಹೊಸೆದದ್ದರಿಂದಲೇ ಒಂದು ಜೋಡಿಯ ಮಾತು ಪಕ್ಕದ ಜೋಡಿಗೆ ಹಾರುವುದಿಲ್ಲ. ಏಳನೆಯದರ ಒಂದು ತಂತಿ ಎಂಟನೆಯದರ ಒಂದು ತಂತಿಯ ಜೊತೆ ಹೊಸೆದುಕೊಂಡು ಹೋದರೆ ಆ ರಕ್ಷಣೆ ಇಲ್ಲ. ಗಂಟೆ ಹೊಡೆಯುತ್ತದೆ, ಮಾತು ಬರುತ್ತದೆ, ಬಜರ್ ಕೂಗುತ್ತದೆ, ಆದರೆ ಮಾತು ಸೋರುತ್ತದೆ.

ಕೇಬಲ್ ಜೋಡಿಸುವ ಕೆಂಪಯ್ಯನನ್ನು ಮಂಡ್ಯದಿಂದ ಕರೆಸಿ ರಸ್ತೆ ಅಗೆಸಿದೆ. ಬ್ಲೋಲ್ಯಾಂಪಿನ ಉರಿಯಿಂದ ಕಾಯಿಸಿ ಅವನು ಸೀಸದ ಕವಚ ಬಿಚ್ಚಿದ. ಮೊದಲ ಜೋಡಣೆಯಲ್ಲಿ ಏಳು ಎಂಟರ ಒಂದೊಂದು ತಂತಿ ಅದಲುಬದಲಾಗಿತ್ತು. ಮುಂದಿನ ಜೋಡಣೆಯಲ್ಲಿ ಬೇಕೆಂದೇ ಮತ್ತೆ ಅದಲುಬದಲು ಮಾಡಿದ್ದರು. ಹಿಂದೆ ಯಾರೋ ಕೇಬಲ್ ಹಾಕಿದಾಗ ಮೊದಲಿನ ತಪ್ಪು ಪರೀಕ್ಷೆಯಲ್ಲಿ ಸಿಕ್ಕಿರಬೇಕು. ಮುಚ್ಚಿದ ಕವಚ ಮತ್ತೆ ಬಿಚ್ಚಿದರೆ ಅರ್ಧ ದಿನ ಹಾಳು. ಅದಕ್ಕೆ ಒಂದು ತಪ್ಪಿಗೆ ಇನ್ನೊಂದನ್ನು ಕೊಟ್ಟು ಸರಿದೂಗಿಸಿದ್ದರು. ಅವೆರಡರ ನಡುವಿನ ಉದ್ದಕ್ಕೂ ಎರಡು ಮನೆಯ ಮಾತು ಬೆರೆತಿತ್ತು.

"ಎಲ್ರೂ ಮಾಡದೇ ಸಾರ್ ಇದು. ನಾನೂ ಮಾಡಿವ್ನಿ. ಟೆಸ್ಟಲ್ಲಿ ಬತ್ತದಲ್ಲ, ಇನ್ನೇನು ಅಂತ," ಎಂದ ಕೆಂಪಯ್ಯ.

ಜುಲೈ 23ಕ್ಕೆ ಲೈನು ಸರಿಯಾಯಿತು. 25ರ ಭಾನುವಾರ ಡಾಕ್ಟರೂ ನಾನೂ ಬಸ್ಸಿನಲ್ಲಿ ಕಿರುಗಾವಲಿಗೆ ಹೋದೆವು. ಕತ್ತರಿಸಿ ತೆಗೆದ ಜೋಡಣೆಯ ತುಂಡು ನನ್ನ ಚೀಲದಲ್ಲಿತ್ತು. ಸಿದ್ದಪ್ಪ ಜಗಲಿಯ ಮೇಲೆ ಕೂತಿದ್ದ. ಅಂಗಿ ಅವನ ಮೇಲೆ ನೇತುಹಾಕಿದಂತಿತ್ತು. ನಾನು ತಂತಿ ತೋರಿಸಿ ಎಲ್ಲ ವಿವರಿಸಿದೆ. ಅವನು ತುಂಡನ್ನು ತಿರುಗಿಸಿ ನೋಡಿದ.

"ಅಂಗಾರೆ ಡಾಕ್ಟ್ರಮ್ಮ ಏಳ್ಲಿಲ್ಲ."

"ಇಲ್ಲ ಕಣಪ್ಪ," ಎಂದರು ಡಾಕ್ಟರು.

"ತಪ್ಪಾಯ್ತು ಕಣವ್ವ, ನಿಮ್ಮುನ್ನ ಅಂದ್ಬುಟ್ಟೆ." ಸ್ವಲ್ಪ ಹೊತ್ತು ಕೆಮ್ಮಿ ನನ್ನ ಕಡೆ ತಿರುಗಿದ. "ಆದ್ರೆ ಸಾಮಿ, ಇದುನ್ನ ಇಡ್ಕಂಡು ಬಸ್ ಸ್ಟ್ಯಾಂಡಲ್ಲಿ ನಿಂತು ಏಳಿದ್ರೆ ಜನ ನನ್ ಕೈಲಿ ಇಡ್ಲಿ ತಿಂದಾರಾ? ತಂತಿ ಸುಳ್ಳೇನೂ ಏಳ್ಲಿಲ್ವಲ್ಲ."

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಪುಟ್ಟಮ್ಮ ಸಿಡಿದಳು: "ಓಟ್ಲು ಆಳಾಗೋಗ್ಲಿ! ಸೂಜಿ ಆಕುಸ್ಕಳಕ್ಕೆ ಬತ್ತೀಯೋ ಇಲ್ವೋ, ಅಷ್ಟೇಳು."

ಅವನು ಬಂದ. ಆದರೆ ಎರಡು ತಿಂಗಳು ಕಳೆದುಹೋಗಿತ್ತು. ಡಾಕ್ಟರು ಹೆದರಿದ್ದೇ ಆಯಿತು. ಅಕ್ಟೋಬರ್ ಕಳೆದರೂ ಕಫದಿಂದ ಕ್ರಿಮಿ ಹೋಗಲಿಲ್ಲ. ಮೈಸೂರಿಗೆ ಕಳಿಸಿದರು, ಅಲ್ಲಿಂದಲೂ ಗುಣವಾಗದೆ ವಾಪಸ್ ಬಂದ. 1977ರ ಫೆಬ್ರವರಿಯಲ್ಲಿ ತೀರಿಕೊಂಡ. ಹೋಟೆಲಿದ್ದ ಜಾಗದಲ್ಲಿ ಈಗ ಸೈಕಲ್ ಅಂಗಡಿ ಇದೆ.

ಇದಾಗಿ ಮೂರು ವರ್ಷವಾಯಿತು. ಈಗ ನಾನು ಮುಚ್ಚಿಸುವ ಪ್ರತಿ ಜೋಡಣೆಯಲ್ಲೂ ಒಬ್ಬನನ್ನು ಒಂದು ಜೋಡಿಯಲ್ಲಿ ಮಾತಾಡಿಸಿ ಪಕ್ಕದ ಜೋಡಿಗೆ ಕಿವಿ ಇಡುತ್ತೇನೆ. ಮಾತು ತಲುಪಿತೇ ಎಂದಷ್ಟೇ ನಮ್ಮ ಪರೀಕ್ಷೆ ಕೇಳುತ್ತಿತ್ತು. ಇನ್ನೆಲ್ಲಿಗೆ ತಲುಪಿತು ಎಂದು ಕೇಳುತ್ತಿರಲಿಲ್ಲ. ಕೆಲಸ ನನಗೆ ಕಲಿಸಿದ್ದು ಇಷ್ಟು. ನಾನು ಕಲಿಯುವಷ್ಟರಲ್ಲಿ ಒಬ್ಬನಿಗೆ ಕಾಲ ಮೀರಿತ್ತು.

ಮಳವಳ್ಳಿಯ ಏಳನೇ ಜೋಡಿಯನ್ನು ಆಗಾಗ ಪರೀಕ್ಷಿಸುತ್ತೇನೆ. ಒಂದಿಷ್ಟೂ ಸೋರುವುದಿಲ್ಲ. ಆದರೂ ಡಾಕ್ಟರು ಅದರಲ್ಲಿ ಯಾವ ರೋಗಿಯ ಹೆಸರನ್ನೂ ಹೇಳುವುದಿಲ್ಲ. ಬಿಸಿಲಿರಲಿ, ಮಳೆಯಿರಲಿ, ಆಸ್ಪತ್ರೆಯವರೆಗೆ ನಡೆದೇ ಹೋಗುತ್ತಾರೆ.